ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಇವತ್ತು ರಾಜಕೀಯ ಇಲ್ಲ, ರಸ್ತೆ ಗುಂಡಿ ಇಲ್ಲ, ಕುರ್ಚಿ ಕಾದಾಟವೂ ಇಲ್ಲ. ಇವತ್ತು ವಿಡಿಯೋ ಗೇಮ್ ಬಗ್ಗೆ ಮಾತಾಡ್ತೀನಿ. ರಿಮೋಟ್ ಕೈಗೆ ತಗೋಬೇಡಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. 20ನೇ ತಾರೀಖು ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರೇ ದಿನ! ದುಡ್ಡು ಕಟ್ಟಿಸಿಕೊಂಡು ಆಟ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ನಾವೂ ಇದೇ ಸ್ಟುಡಿಯೋದಲ್ಲಿ ಚರ್ಚೆ ಇಟ್ಟುಕೊಂಡ್ವಿ. ಸ್ಕ್ರೀನ್ ಮೇಲೆ ಆರು ಕಿಟಕಿ, ಆರು ಮುಖ, ಆರೂ ಜನ ಒಟ್ಟಿಗೆ ಕೂಗಾಟ. ಏಳನೆಯವನು ನಾನು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜಾಸ್ತಿ ಕೂಗಿದವನು ನಾನೇ.

ಕಾರ್ಯಕ್ರಮ ಮುಗಿದ ಮೇಲೆ ಕತ್ರಿಗುಪ್ಪೆಯ ಒಬ್ಬ ತಾಯಿ ಮೆಸೇಜ್ ಹಾಕಿದ್ದರು. ‘ಸರ್, ಕೆಟ್ಟ ಆಟ ಯಾವುದು ಅಂತ ಒಂದು ಗಂಟೆ ಹೇಳಿದ್ರಿ. ಒಳ್ಳೇದು ಯಾವುದು ಅಂತ ಒಂದು ಮಾತು ಹೇಳಲಿಲ್ಲ. ನನ್ನ ಮಗನಿಗೆ ಹನ್ನೊಂದು ವರ್ಷ. ಯಾವ ಗೇಮ್ ಕೊಡಿಸಲಿ?’

ನಾನು ಇಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷದಲ್ಲಿ ಲ್ಯಾಬಿಗಿಂತ ಜಾಸ್ತಿ ಹೊತ್ತು ಹಾಸ್ಟೆಲ್ ಕಂಪ್ಯೂಟರಿನಲ್ಲಿ ಗೇಮ್ ಆಡಿದವನು. ಆದರೂ ಆ ತಾಯಿಗೆ ಕೊಡೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನೋಡಿ ಹೇಳ್ತೀನಿ ಅಮ್ಮ’ ಅಂತ ಜಾರಿಕೊಂಡೆ.

ಉತ್ತರ ಸಿಕ್ಕಿದ್ದು ಗಿರಿನಗರದಲ್ಲಿ, ನಮ್ಮ ಮನೆ ಹಾಲ್‌ನಲ್ಲಿ. ಅದೂ ಒಂದು ಜಗಳದಿಂದ.

ನಮ್ಮ ಅಪ್ಪನಿಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದೆ ಸಣ್ಣ ಸ್ಟ್ರೋಕ್ ಆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ನಡಿಗೆ ಉಳಿಯಿತು. ಬಲಗೈ ಮಾತ್ರ ಸ್ವಲ್ಪ ನಿಧಾನ. ಸೀತಾ ಸರ್ಕಲ್‌ವರೆಗೆ ಹೋಗಿ ತರಕಾರಿ ತರ್ತಾರೆ, ಆದರೆ ಅಂಗಿ ಗುಂಡಿ ಹಾಕೋಕೆ ಐದು ನಿಮಿಷ ಬೇಕು. ಫಿಸಿಯೋಥೆರಪಿಸ್ಟ್ ‘ಬೆರಳು ಆಡಿಸ್ತಾ ಇರಿ’ ಅಂದಿದ್ದರು. ಅವರು ಕೊಟ್ಟ ರಬ್ಬರ್ ಚೆಂಡು ಒಂದು ವಾರದಲ್ಲಿ ಸೋಫಾ ಅಡಿ ಸೇರಿತು. ಅದರ ಬದಲು ಅಕ್ಕನ ಮಗ ಪುಟ್ಟ ತನ್ನ ಟ್ಯಾಬ್‌ನಲ್ಲಿ ಕ್ರಿಕೆಟ್ ಗೇಮ್ ಹಾಕಿಕೊಟ್ಟ. ಅಪ್ಪನಿಗೆ ಹುಚ್ಚು ಹಿಡಿಯಿತು. ಜಿ.ಆರ್. ವಿಶ್ವನಾಥ್ ಆಟ ನೋಡಿ ಬೆಳೆದ ತಲೆಮಾರು ಅದು, ಸ್ಕ್ವೇರ್ ಕಟ್ ಅಂದರೆ ಪ್ರಾಣ.

ಒಂದು ಭಾನುವಾರ ಅಪ್ಪ 60 ರನ್ ಹೊಡೆದರು. ಅಡುಗೆಮನೆವರೆಗೂ ಕೇಳೋ ಹಾಗೆ ‘ಲೇ, ಅರವತ್ತು ಕಣ್ರೋ!’ ಅಂದರು. ಏಳನೇ ಕ್ಲಾಸಿನ ಪುಟ್ಟ ತಲೆ ಎತ್ತದೇ ಹೇಳಿದ, ‘ತಾತ, ಅದು ಈಜಿ ಮೋಡ್. ಅದು ಲೆಕ್ಕಕ್ಕಿಲ್ಲ.’

ಅಪ್ಪ ಏನೂ ಅನ್ನಲಿಲ್ಲ. ಟ್ಯಾಬ್ ಮಡಚಿ ಟೀಪಾಯ್ ಮೇಲಿಟ್ಟರು. ಆಮೇಲೆ ಹತ್ತು ದಿನ ಅದನ್ನ ಮುಟ್ಟಲಿಲ್ಲ.

ಲೆಕ್ಕಕ್ಕಿಲ್ಲ. ಈ ಮಾತು ನಿಮಗೂ ಗೊತ್ತಲ್ವಾ? ‘ಆಟಕ್ಕುಂಟು ಲೆಕ್ಕಕ್ಕಿಲ್ಲ.’ ನಾವು ಚಿಕ್ಕವರಿದ್ದಾಗ ಗಿರಿನಗರದ ಅಡ್ಡರಸ್ತೆಗಳಲ್ಲಿ ಕ್ರಿಕೆಟ್ ಆಡುವಾಗ ಯಾರದ್ದಾದರೂ ತಮ್ಮನೋ ತಂಗಿಯೋ ಮೂಗು ಸುರಿಸಿಕೊಂಡು ‘ನನ್ನೂ ಸೇರಿಸ್ಕೊಳ್ಳಿ’ ಅಂತ ಬರೋರು. ಸೇರಿಸಿಕೊಳ್ಳದೇ ಇದ್ದರೆ ಮನೆಗೆ ಹೋಗಿ ಚಾಡಿ. ಅದಕ್ಕೆ ‘ಬಾ, ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಹೇಳಿ ಬೌಂಡರಿ ಹತ್ತಿರ ನಿಲ್ಲಿಸೋದು. ಔಟಾದರೂ ಔಟಲ್ಲ, ರನ್ ಹೊಡೆದರೂ ರನ್ ಅಲ್ಲ. ಜಗತ್ತಿನ ಮೊದಲ ಈಜಿ ಮೋಡ್ ನಮ್ಮ ಬೀದಿಯಲ್ಲೇ ಹುಟ್ಟಿದ್ದು ಅಂತ ನನ್ನ ಗುಮಾನಿ!

ಆದರೆ ಅದೇ ಬೀದಿಯಲ್ಲಿ ಇನ್ನೊಂದು ನಿಯಮವೂ ಇತ್ತು. ಟ್ರಯಲ್ ಬಾಲ್. ಮೊದಲ ಚೆಂಡಿಗೆ ಬೌಲ್ಡ್ ಆದರೆ ಔಟಿಲ್ಲ. ಇದು ಚಿಕ್ಕವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಕಾಂಪೌಂಡ್ ಆಚೆ ಹೊಡೆದರೆ ಔಟ್, ಯಾಕೆಂದರೆ ಆ ಮನೆ ಅಜ್ಜಿ ಚೆಂಡು ವಾಪಸ್ ಕೊಡ್ತಿರಲಿಲ್ಲ. ಒಂದು ಪುಟ ಬಿದ್ದ ಚೆಂಡನ್ನ ಒಂದೇ ಕೈಲಿ ಹಿಡಿದರೂ ಔಟ್, ಯಾಕೆಂದರೆ ಫೀಲ್ಡರ್‌ಗಳು ನಾಲ್ಕೇ ಜನ. ಜಾಗ ಎಷ್ಟಿದೆ, ಜನ ಎಷ್ಟಿದ್ದಾರೆ, ಬಂದಿರೋರು ಯಾರು ಅಂತ ನೋಡಿ ಆಟವನ್ನ ಕಷ್ಟವೋ ಸುಲಭವೋ ಮಾಡಿಕೊಳ್ತಿದ್ವಿ. ಹಾಗೆ ಮಾಡಿಕೊಂಡ ಮೇಲೆ ಹೊಡೆದ ರನ್ ಲೆಕ್ಕಕ್ಕೆ ಬರ್ತಿತ್ತು. ಎಂ.ಸಿ.ಸಿ. ನಿಯಮದಲ್ಲಿ ಟ್ರಯಲ್ ಬಾಲ್ ಇಲ್ಲ ಅಂತ ಯಾರೂ ವಾದ ಮಾಡಲಿಲ್ಲ.

ಆಗ ಟಿವಿಗೆ ಚುಚ್ಚಿ ಆಡುವ ಕ್ಯಾಸೆಟ್ ಗೇಮ್ ಬಂದ ಕಾಲ. ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಇದ್ದರೆ ಹತ್ತು ಜನ ಹುಡುಗರು ಆ ಮನೆಯಲ್ಲೇ. ‘ಕಾಂಟ್ರಾ’ ಆಡಿದವರು ಕೈ ಎತ್ತಿ! ಮೂರೇ ಜೀವ. ಗುಂಡು ತಾಗಿದರೆ ಸತ್ತ. ನಮ್ಮಲ್ಲಿ ಯಾರೂ ಎರಡನೇ ಹಂತ ದಾಟುತ್ತಿರಲಿಲ್ಲ. ಒಂದು ದಿನ ಹೊಸಕೆರೆಹಳ್ಳಿ ಕಡೆಯಿಂದ ಬಂದ ಹುಡುಗನೊಬ್ಬ ಮಂತ್ರ ಹೇಳಿಕೊಟ್ಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಮೂವತ್ತು ಜೀವ ಬಂತು! ‘ಮೋಸ, ಮೋಸ’ ಅಂತ ಒಬ್ಬ ಎದ್ದು ಹೋದ. ಅವನೇ ಮಾರನೇ ದಿನ ನೋಟ್‌ಬುಕ್ ತಂದು ಅದನ್ನ ಬರೆದುಕೊಂಡ.

ಆ ಮಂತ್ರದ ಕತೆ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಅದನ್ನ ಬರೆದವರು ಜಪಾನಿನ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೋಟೊ. 1986ರಲ್ಲಿ ‘ಗ್ರಾಡಿಯಸ್’ ಅನ್ನೋ ಆಟವನ್ನ ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದರು. ಪರೀಕ್ಷೆಗೆ ಅಂತ ಆಡೋಕೆ ಕೂತರೆ, ಆಟ ಅವರಿಗೇ ಕಷ್ಟ! ಆಟ ಮಾಡುತ್ತಿದ್ದವರಿಗೇ ಆಡೋಕೆ ಆಗಲಿಲ್ಲ. ಅದಕ್ಕೆ ತಮಗೋಸ್ಕರ ಒಂದು ಕಳ್ಳದಾರಿ ಇಟ್ಟುಕೊಂಡರು. ಮಾರಾಟಕ್ಕೆ ಹೋಗುವಾಗ ಅದು ಒಳಗೇ ಉಳಿಯಿತು, ಜಗತ್ತಿಗೆಲ್ಲ ಹರಡಿತು. ಅವರು 2020ರಲ್ಲಿ ತೀರಿಕೊಂಡಾಗ ನಮ್ಮ ವಯಸ್ಸಿನವರು ಎಷ್ಟೋ ಜನ ಆ ಹತ್ತು ಗುಂಡಿಗಳ ಸಾಲನ್ನೇ ಶ್ರದ್ಧಾಂಜಲಿ ಅಂತ ಹಾಕಿದರು.

ಈಗ ನನ್ನೊಳಗಿನ ಇಂಜಿನಿಯರ್‌ಗೆ ಒಂದು ನಿಮಿಷ ಕೊಡಿ. ಆಟದಲ್ಲಿ ಕಷ್ಟ ಎಲ್ಲಿಂದ ಬರುತ್ತೆ? 1978ರ ‘ಸ್ಪೇಸ್ ಇನ್ವೇಡರ್ಸ್’ ತಗೊಳ್ಳಿ. ಶತ್ರುಗಳು ಸಾಯ್ತಾ ಹೋದ ಹಾಗೆ ಉಳಿದವರ ವೇಗ ಜಾಸ್ತಿ ಆಗುತ್ತೆ. ಯಾರೋ ಬುದ್ಧಿವಂತಿಕೆಯಿಂದ ಮಾಡಿದ್ದು ಅಂದುಕೊಂಡಿದ್ದೆ. ಅಲ್ಲ ಸ್ವಾಮಿ! ಆ ಚಿಪ್‌ಗೆ ಅಷ್ಟೊಂದು ಚಿತ್ರ ಒಟ್ಟಿಗೆ ಬರೆಯೋ ತಾಕತ್ತಿರಲಿಲ್ಲ. ಚಿತ್ರ ಕಡಿಮೆ ಆದಾಗ ಭಾರ ಇಳಿದು ಓಡಿತು. ಮಾಡಿದವರು ‘ಚೆನ್ನಾಗಿದೆ, ಹಾಗೇ ಇರಲಿ’ ಅಂತ ಬಿಟ್ಟರು. ಈಗಿನ ಆಟಗಳು ಹಾಗಲ್ಲ. 2005ರ ‘ರೆಸಿಡೆಂಟ್ ಈವಿಲ್ 4’ ನೀವು ಪದೇ ಪದೇ ಸೋತರೆ ಸದ್ದಿಲ್ಲದೆ ಶತ್ರುಗಳನ್ನ ಸಡಿಲ ಮಾಡುತ್ತೆ. ನಿಮಗೆ ಹೇಳೋದೇ ಇಲ್ಲ. ನೀವು ನಿಮ್ಮ ಬೆನ್ನು ನೀವೇ ತಟ್ಟಿಕೊಳ್ಳಬಹುದು.

ಇನ್ನೊಂದು ಜಾತಿ ಇದೆ. ‘ಕ್ಯಾಂಡಿ ಕ್ರಶ್’ ಆಡದ ಮನೆ ಬೆಂಗಳೂರಲ್ಲಿ ಕಮ್ಮಿ. ಐದು ಜೀವ. ಒಂದು ಹೋದರೆ ವಾಪಸ್ ಬರೋಕೆ ಅರ್ಧ ಗಂಟೆ. ಕಾಯೋಕೆ ಆಗಲ್ವಾ? ಗೆಳೆಯರನ್ನ ಕೇಳಿ, ಇಲ್ಲಾ ದುಡ್ಡು ಕೊಡಿ. ಇಲ್ಲಿ ಕಷ್ಟ ಅನ್ನೋದು ಅಂಗಡಿಯ ಸರಕು. ಗೋಡೆ ಕಟ್ಟಿದವರೇ ಏಣಿ ಮಾರ್ತಾರೆ. ಆಗಸ್ಟ್ ಕಾಯ್ದೆ ಇದನ್ನ ಮುಟ್ಟೋದಿಲ್ಲ, ನೆನಪಿಟ್ಟುಕೊಳ್ಳಿ. ಗೆದ್ದರೆ ದುಡ್ಡು ಬರುತ್ತೆ ಅನ್ನೋ ಆಮಿಷ ಇಲ್ಲಿ ಇಲ್ಲ, ಹಾಗಾಗಿ ಕಾಯ್ದೆಯ ಪ್ರಕಾರ ಇದು ದುಡ್ಡಿನ ಆಟ ಅಲ್ಲ. ನಮ್ಮ ರಾಜ್ಯವೂ 2021ರಲ್ಲಿ ಒಂದು ತಿದ್ದುಪಡಿ ತಂದಿತ್ತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೋರ್ಟ್ ಮುಂದಿದ್ದ ಪ್ರಶ್ನೆ ಕೌಶಲವೋ, ಅದೃಷ್ಟವೋ ಅಂತ. ಅದು ಕೋರ್ಟಿಗೆ ಸರಿ. ಮನೆಯಲ್ಲಿ ಆ ಪ್ರಶ್ನೆ ಉಲ್ಟಾ ಹೊಡೆಯುತ್ತೆ. ನಮ್ಮ ಚೌಕಾಬಾರ ನೋಡಿ. ಕವಡೆ ಹಾಕಿದಾಗ ಎಂಟು ಬಿದ್ದರೆ ಬಾರಾ. ಅಲ್ಲಿ ಅದೃಷ್ಟ ಇರೋದ್ರಿಂದಲೇ ಎಂಟು ವರ್ಷದ ಮೊಮ್ಮಗಳು ಎಂಬತ್ತರ ಅಜ್ಜಿಯ ಕಾಯಿ ಹೊಡೆದು ಕುಣಿಯೋದು.

ಹಾಗಾದರೆ ಕಷ್ಟದ ಆಟವೇ ತಪ್ಪಾ? ಖಂಡಿತ ಅಲ್ಲ. 2019ರಲ್ಲಿ ‘ಸೆಕಿರೋ’ ಅನ್ನೋ ಜಪಾನಿ ಆಟ ಬಂತು. ಸುಲಭ, ಮಧ್ಯಮ, ಕಠಿಣ ಅನ್ನೋ ಆಯ್ಕೆಯೇ ಇಲ್ಲ. ಬಾ, ಸಾಯಿ, ಕಲಿ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನೋ ಪ್ರಶಸ್ತಿ ಅದಕ್ಕೇ ಬಂತು. ನಾನು ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಬಂದು ಅದನ್ನ ಆಡಿದ್ದೀನಿ. ಗೆನಿಚಿರೋ ಅನ್ನೋ ಒಬ್ಬ ಯೋಧನ ಕೈಲಿ ಮೂರು ವಾರ ಸತ್ತೆ. ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಅವನನ್ನ ಸೋಲಿಸಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದೆ, ಹೆಂಡತಿ ಎದ್ದು ಬಂದು ಬೈದಳು. ಆ ಖುಷಿ ಸುಲಭದ ಆಟದಲ್ಲಿ ಸಿಗಲ್ಲ. ಅದಕ್ಕೇ ಪುಟ್ಟನ ಮಾತಿನ ಹಿಂದಿನ ಹೆಮ್ಮೆ ನನಗೆ ಅರ್ಥ ಆಗುತ್ತೆ. ಹಾರ್ಡ್ ಮೋಡ್‌ನಲ್ಲಿ ಅವನು ಬೆವರು ಸುರಿಸಿ 40 ಹೊಡೆದಿರ್ತಾನೆ, ತಾತನ 60 ಅದಕ್ಕಿಂತ ದೊಡ್ಡದು ಅಂದರೆ ಅವನಿಗೆ ಉರಿಯುತ್ತೆ.

ಇನ್ನೊಂದು ಕಡೆ 2018ರ ‘ಸೆಲೆಸ್ಟ್’. ಒಬ್ಬ ಹುಡುಗಿ ಬೆಟ್ಟ ಹತ್ತುವ ಆಟ, ಬಹಳ ಕಷ್ಟದ ಆಟ. ಅದರೊಳಗೆ ಅಸಿಸ್ಟ್ ಮೋಡ್ ಅಂತ ಇದೆ. ವೇಗ ತಗ್ಗಿಸಬಹುದು, ಸುಸ್ತಾಗದ ಹಾಗೆ ಮಾಡಿಕೊಳ್ಳಬಹುದು. ಬೆಟ್ಟ ಅದೇ, ಹತ್ತೋರ ಕಾಲಿಗೆ ತಕ್ಕ ಮೆಟ್ಟಿಲು. ‘ಹೇಡಿಸ್’ ಅನ್ನೋ ಆಟದಲ್ಲಿ ಗಾಡ್ ಮೋಡ್ ಹಾಕಿಕೊಂಡರೆ ಪ್ರತಿ ಸಲ ಸತ್ತಾಗಲೂ ನಿಮ್ಮ ತಡೆದುಕೊಳ್ಳೋ ಶಕ್ತಿ ಶೇ. 2ರಷ್ಟು ಜಾಸ್ತಿ ಆಗುತ್ತೆ. ಸೋತದ್ದೇ ಬಂಡವಾಳ. ಹಾಗಂತ ‘ಸೆಕಿರೋ’ ಕೂಡ ಕಡ್ಡಾಯವಾಗಿ ಸುಲಭ ದಾರಿ ಇಡಬೇಕು ಅಂತ ನಾನು ಹೇಳಲ್ಲ. ಬೆನ್ನಟ್ಟಿ ಸಾಯೋದೇ ಇಷ್ಟ ಅನ್ನೋರಿಗೂ ಒಂದು ಆಟ ಇರಲಿ. ಆದರೆ ಒಬ್ಬರು ತಮ್ಮ ಕೈಗೆ ತಕ್ಕ ಹಾಗೆ ಆಡಿದ್ದನ್ನ ‘ಲೆಕ್ಕಕ್ಕಿಲ್ಲ’ ಅನ್ನೋ ಅಧಿಕಾರ ಗೆದ್ದವರಿಗೆ ಕೊಟ್ಟವರು ಯಾರು?

ಕತ್ರಿಗುಪ್ಪೆಯ ಆ ತಾಯಿಗೆ ಕೊನೆಗೆ ಬರೆದೆ. ‘ಅಮ್ಮ, ಹೆಸರು ಕೇಳೋ ಮೊದಲು ಅರ್ಧ ಗಂಟೆ ಮಗನ ಪಕ್ಕ ಕೂತ್ಕೊಳ್ಳಿ. ಅವನು ಗೆದ್ದಾಗ ನೋಡಬೇಡಿ, ಸೋತಾಗ ನೋಡಿ. ಸೋತ ತಕ್ಷಣ ಆಟ ಅವನನ್ನ ಏನು ಕೇಳುತ್ತೆ? ಇನ್ನೊಂದು ಸಲ ಪ್ರಯತ್ನ ಮಾಡು ಅಂತಾನೋ, ನಿಮ್ಮ ಕಾರ್ಡ್ ನಂಬರ್ ಕೊಡು ಅಂತಾನೋ? ಕಾರ್ಡ್ ಕೇಳಿದರೆ ತೆಗೆದುಹಾಕಿ. ಅವನು ನಕ್ಕು ಮತ್ತೆ ಶುರು ಮಾಡಿದರೆ ಬಿಡಿ. ಸಿಟ್ಟಿಗೆದ್ದು ಟ್ಯಾಬ್ ಎಸೆದರೆ ಒಂದು ಹಂತ ಸುಲಭ ಮಾಡಿ. ಬೇಜಾರಾಗಿ ಆಕಳಿಸಿದರೆ ಒಂದು ಹಂತ ಏರಿಸಿ. ಹೆಸರೇ ಬೇಕು ಅಂದರೆ ಎರಡು ಹೇಳ್ತೀನಿ. ಲಿಚೆಸ್ ಅಂತ ಚೆಸ್ ಇದೆ, ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಕಂಪ್ಯೂಟರ್ ಎದುರಾಳಿಗೆ ಎಂಟು ಹಂತ, ಒಂದರಿಂದ ಶುರು ಮಾಡಲಿ. ಮಾನ್ಯುಮೆಂಟ್ ವ್ಯಾಲಿ ಅಂತ ಇನ್ನೊಂದು, ಅದರಲ್ಲಿ ಸಾಯೋದೇ ಇಲ್ಲ, ಗಡಿಯಾರವೂ ಓಡಲ್ಲ. ಅದನ್ನ ನೀವೂ ಆಡಿ.’

ಪುಟ್ಟನಿಗೆ ನಾನು ಉಪದೇಶ ಮಾಡಲಿಲ್ಲ, ನನ್ನ ಉಪದೇಶ ಕೇಳೋಕೆ ಅವನಿಗೆ ಟಿವಿ ಸಾಕು. ಅಂಗಿಯ ಗುಂಡಿ ಹಾಕುತ್ತಿದ್ದ ತಾತನನ್ನ ತೋರಿಸಿ ಇಷ್ಟೇ ಕೇಳಿದೆ. ‘ನಿನ್ನ ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿ ಹಾರ್ಡ್ ಮೋಡ್ ಆಡ್ತೀಯೇನೋ?’ ಸುತ್ತಿಕೊಂಡು ಆಡಿದ. ಸೊನ್ನೆಗೆ ಔಟು. ಮೂರು ಸಲ.

ಮುಂದಿನ ಭಾನುವಾರ ಹೋದಾಗ ಟ್ಯಾಬ್ ಮತ್ತೆ ಸೋಫಾ ಮೇಲಿತ್ತು. ಪುಟ್ಟನೇ ನಿಯಮ ಮಾಡಿದ್ದ. ತಾತನಿಗೆ ಈಜಿ, ತನಗೆ ಹಾರ್ಡ್, ಐದೈದು ಓವರ್, ಇಬ್ಬರದ್ದೂ ಒಂದೇ ಹಾಳೆಯಲ್ಲಿ ಸ್ಕೋರ್. ಅಪ್ಪ 41, ಪುಟ್ಟ 38. ಗೆದ್ದ ಹುಮ್ಮಸ್ಸಿನಲ್ಲಿ ಅಪ್ಪ ಹೇಳಿದರು, ‘ಮೀಡಿಯಂಗೆ ಹಾಕೋ, ನೋಡೇ ಬಿಡೋಣ.’ ಹಾಕಿದ. ಮೊದಲನೇ ಚೆಂಡು, ಮಧ್ಯದ ಸ್ಟಂಪ್ ಹಾರಿತು. ಮನೆಯಲ್ಲಿ ಎಲ್ಲರೂ ಸುಮ್ಮನಾದ್ವಿ.

ಪುಟ್ಟ ಟ್ಯಾಬ್ ಕಡೆ ನೋಡಿದ, ತಾತನ ಕಡೆ ನೋಡಿದ. ‘ಟ್ರಯಲ್ ಬಾಲ್ ತಾತ, ಆಡು’ ಅಂದ.