ವೆಂಟಿಲೇಟರ್ ತೆಗೆಯೋಣ ಅಂತ ಹೇಳೋರು ಯಾರು?

ಐಸಿಯು ಹೊರಗೆ ಒಂದು ಚಿಕ್ಕ ರೂಮು. ಮನೆಯವರನ್ನ ಕರೆಸಿ ಡಾಕ್ಟ್ರು ಹೇಳ್ತಾರೆ: "ಇನ್ನು ನಮ್ಮ ಕೈಲಿ ಏನೂ ಉಳಿದಿಲ್ಲ. ವೆಂಟಿಲೇಟರ್ ಮುಂದುವರಿಸೋದಾ, ಬೇಡ್ವಾ, ನೀವೇ ಹೇಳಿ." ಮಗ ತಂಗಿ ಮುಖ ನೋಡ್ತಾನೆ, ತಂಗಿ ಚಿಕ್ಕಪ್ಪನ ಮುಖ ನೋಡ್ತಾಳೆ. ಬೇಡ ಅಂದ್ರೆ ಅಪ್ಪನ್ನ ನಾವೇ ಸಾಯಿಸಿದ ಹಾಗೆ, ಬೇಕು ಅಂದ್ರೆ ಅವರ ನರಳಾಟ ಮುಗಿಯೋದಿಲ್ಲ. ಈ ಭಾರನ ಮಕ್ಕಳ ತಲೆ ಮೇಲೆ ಹೊರಿಸೋದು ಅನ್ಯಾಯ. ಅದನ್ನ ಹಂಚಿಕೊಳ್ಳೋದಕ್ಕೆ ಕಾನೂನು ದಾರಿ ಮಾಡಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈ ಕಾನೂನಿನ ಹಿಂದೆ ನಮ್ಮ ಹೊನ್ನಾವರದ ಕಡೆಯ ಒಬ್ಬ ಹೆಣ್ಣುಮಗಳ ಸಂಕಟ ಇದೆ. ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿನ ಕೆಲಸಗಾರನೊಬ್ಬ ಅವರ ಕುತ್ತಿಗೆಗೆ ನಾಯಿ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಏಟಾಯ್ತು. 2015ರ ಮೇ ತಿಂಗಳಲ್ಲಿ ತೀರಿಹೋಗೋವರೆಗೂ ಅದೇ ಆಸ್ಪತ್ರೆಯ ಹಾಸಿಗೆ, ಹತ್ತಿರ ಹತ್ತಿರ 42 ವರ್ಷ. ಅವರಿಗೆ ಮುಕ್ತಿ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದ್ರು. ಅಷ್ಟು ವರ್ಷ ತುತ್ತು ಕೊಟ್ಟು, ಮೈ ಒರೆಸಿ ನೋಡಿಕೊಂಡ ನರ್ಸ್‌ಗಳು ಬೇಡ ಅಂದ್ರು. 2011ರಲ್ಲಿ ಕೋರ್ಟು ಆ ನರ್ಸ್‌ಗಳ ಮಾತನ್ನೇ ಎತ್ತಿಹಿಡೀತು. ಆದ್ರೆ ಅದೇ ತೀರ್ಪಿನಲ್ಲಿ, ಫಲ ಕೊಡದ ಚಿಕಿತ್ಸೆಯನ್ನ ಹೈಕೋರ್ಟ್ ಅನುಮತಿ ಪಡೆದು ನಿಲ್ಲಿಸಬಹುದು ಅಂತಾನೂ ಹೇಳ್ತು.

2018ರ ಮಾರ್ಚ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯೋದೂ ಬದುಕಿನ ಹಕ್ಕಿನ ಭಾಗ ಅಂತು. ಆಗ ಮಾಡಿದ್ದ ನಿಯಮ ಎಷ್ಟು ಬಿಗಿಯಾಗಿತ್ತು ಅಂದ್ರೆ ಪಾಲಿಸೋದೇ ಕಷ್ಟ. 2023ರ ಜನವರಿಯಲ್ಲಿ ಸಡಿಲ ಮಾಡಿದ್ರು. 2025ರ ಜನವರಿ 30ಕ್ಕೆ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ ಜಾರಿಗೆ ಸುತ್ತೋಲೆ ಹೊರಡಿಸ್ತು.

ಈಗ ಹೇಗೆ ನಡೀಬೇಕು? ಮೊದಲು ಚಿಕಿತ್ಸೆ ಕೊಡ್ತಿರೋ ಡಾಕ್ಟ್ರು, ಜೊತೆಗೆ ಕನಿಷ್ಠ 5 ವರ್ಷ ಅನುಭವ ಇರೋ ಇಬ್ಬರು ತಜ್ಞರು ಸೇರಿ ಪ್ರಾಥಮಿಕ ಮಂಡಳಿ ಆಗ್ತಾರೆ. ವಾಸಿ ಆಗೋ ಆಸೆ ಇಲ್ಲ ಅಂತ ಅವರಿಗೆ ಅನ್ನಿಸಿದ್ರೆ, ಬೇರೆಯೇ ಮೂವರ ಎರಡನೇ ಮಂಡಳಿ ಮತ್ತೆ ಪರೀಕ್ಷೆ ಮಾಡುತ್ತೆ. ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯ ಅಧಿಕಾರಿ ನೇಮಿಸಿದ ಡಾಕ್ಟ್ರು. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಯಂತ್ರ ನಿಲ್ಲಿಸೋ ಮುಂಚೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸಿದ್ರೆ ಸಾಕು, ಅವರ ಒಪ್ಪಿಗೆಗೆ ಕಾಯಬೇಕಿಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸೋದು ಈಗಲೂ ಅಪರಾಧವೇ.

ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿ ಇರುತ್ತಲ್ಲ ಅಂತ ಕೇಳ್ತೀರಿ. ನಮ್ಮಲ್ಲಿ ಆ ಹೆಸರಿನದ್ದು ಸಾಮಾನ್ಯವಾಗಿ ಹೊಸ ಔಷಧಿಯ ಪ್ರಯೋಗ, ಸಂಶೋಧನೆಗೆ ಒಪ್ಪಿಗೆ ಕೊಡೋ ಸಮಿತಿ. ಹಾಸಿಗೆ ಪಕ್ಕದ ಧರ್ಮಸಂಕಟ ಕೇಳೋ ಕ್ಲಿನಿಕಲ್ ಎಥಿಕ್ಸ್ ಕಮಿಟಿ ಬೇರೆ. ಡಾಕ್ಟ್ರ ಜೊತೆ ನರ್ಸು, ಸಮಾಜ ಕಾರ್ಯಕರ್ತರು, ವಕೀಲರು, ಹೊರಗಿನವರೊಬ್ಬರು ಕೂತು ಮಾತಾಡೋ ಇಂಥ ಸಮಿತಿ ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇರಲೇಬೇಕು ಅಂತ ನನ್ನ ಆಗ್ರಹ. ಯಾಕಂದ್ರೆ ಇವತ್ತು ಎಷ್ಟೋ ಕಡೆ ನಡೀತಿರೋದೇ ಬೇರೆ.

ದುಡ್ಡು ಮುಗಿದಿರುತ್ತೆ, ಆಸೇನೂ ಮುಗಿದಿರುತ್ತೆ. ಮನೆಯವರು "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಅನ್ನೋ ಕಾಗದಕ್ಕೆ ಸಹಿ ಹಾಕ್ತಾರೆ. ಆಂಬುಲೆನ್ಸ್‌ನಲ್ಲಿ ದಾರಿ ಉದ್ದಕ್ಕೂ ಒಬ್ಬರು ಕೈಯಿಂದ ಉಸಿರು ತುಂಬೋ ಆಂಬು ಬ್ಯಾಗ್ ಒತ್ತುತ್ತಾ ಕೂತಿರ್ತಾರೆ. ಮನೆ ಪಡಸಾಲೆಯಲ್ಲಿ ಗಂಟಲಿನ ಟ್ಯೂಬ್ ತೆಗೀತಾರೆ. ಏದುಸಿರು ಕಡಿಮೆ ಮಾಡೋ ಮಾರ್ಫಿನ್ ಇಲ್ಲ, ಪಕ್ಕದಲ್ಲಿ ನರ್ಸ್ ಇಲ್ಲ. ಇನ್ನು ಪ್ರಯೋಜನ ಇಲ್ಲ ಅಂದಿದ್ದು ಡಾಕ್ಟ್ರೇ, ಕಾಗದದ ಪ್ರಕಾರ ಮಾತ್ರ ತಪ್ಪು ಮನೆಯವರದ್ದು. ಆ ಸಹಿ ಹಾಕಿದ ಕೈಗೆ ಜನ್ಮ ಪೂರ್ತಿ ಅಳುಕು. ಯಂತ್ರ ನಿಲ್ಲಿಸಿದ ಮೇಲೂ ನೋವು ಶಮನ, ಆರೈಕೆ ಮುಂದುವರೀಬೇಕು. ಅದನ್ನ ಮಾಡೋದೇ ಪ್ಯಾಲಿಯೇಟಿವ್ ಕೇರ್. ಬೆಂಗಳೂರಿನ ಕರುಣಾಶ್ರಯ ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ದುಡ್ಡು ತಗೊಳ್ಳದೆ ಈ ಸೇವೆ ಮಾಡ್ತಿದೆ.

ಮುಂಚೆಯೇ ಬರೆದಿಡೋದಾದ್ರೆ ಅದಕ್ಕೆ ಲಿವಿಂಗ್ ವಿಲ್ ಇದೆ. ಬುದ್ಧಿ ಸ್ವಸ್ಥವಾಗಿರೋ ವಯಸ್ಕರು ಯಾರು ಬೇಕಾದ್ರೂ ಬರೀಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಿಮ್ಮ ಪರವಾಗಿ ಮಾತಾಡೋ ನಂಬಿಕಸ್ಥರ ಹೆಸರನ್ನೂ ಬರೀರಿ. ಮನಸ್ಸು ಬದಲಾದ್ರೆ ಲಿಖಿತವಾಗಿ ರದ್ದು ಮಾಡಬಹುದು. ವಿಲ್ ಇಲ್ಲದಿದ್ರೂ ಅದೇ ಎರಡು ಮಂಡಳಿ ಇವೆ, ಜೊತೆಗೆ ಮನೆಯವರ ಲಿಖಿತ ಒಪ್ಪಿಗೆ ಬೇಕು. ಆಗ "ನನಗೆ ಏನು ಬೇಕು" ಅಂತ ಯೋಚಿಸಬೇಡಿ, "ಅಮ್ಮ ಮಾತಾಡೋ ಹಾಗಿದ್ದಿದ್ರೆ ಏನಂತಿದ್ರು" ಅಂತ ಯೋಚಿಸಿ.

ನಿಮ್ಮವರು ಯಾರಾದ್ರೂ ಈಗಲೇ ಐಸಿಯುನಲ್ಲಿದ್ರೆ, ಆ ಸಲಹೆ-ವಿರುದ್ಧದ ಕಾಗದಕ್ಕೆ ಸಹಿ ಹಾಕೋ ಮೊದಲು ಎರಡು ಮಾತು ಕೇಳಿ: ಪ್ರಾಥಮಿಕ ಮಂಡಳಿ ಯಾವಾಗ ಕೂರುತ್ತೆ? ಪ್ಯಾಲಿಯೇಟಿವ್ ಕೇರ್ ಡಾಕ್ಟ್ರು ಬಂದು ನೋಡಿದ್ರಾ?