ತಪಸ್ಸುಕಾಲ ಯಾರನ್ನು ಕರೆಯುತ್ತದೆ?



ಕ್ರಿ.ಶ. 325ರ ನೈಸಿಯ ಮಹಾಸಭೆ ಎಂದೊಡನೆ ನಮಗೆ ವಿಶ್ವಾಸ ಪ್ರಮಾಣ ನೆನಪಾಗುತ್ತದೆ. ಅದೇ ಸಭೆ 20 ಕಟ್ಟಳೆಗಳನ್ನೂ ಮಾಡಿತು. ಐದನೆಯ ಕಟ್ಟಳೆಯಲ್ಲಿ ತಪಸ್ಸುಕಾಲದ ಹೆಸರು ಬರುತ್ತದೆ. ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ಅಲ್ಲಿಲ್ಲ. ಇರುವುದು ಬಹಿಷ್ಕೃತರ ವಿಚಾರ. ಒಬ್ಬನನ್ನು ಧರ್ಮಸಭೆಯಿಂದ ಹೊರಗಿಟ್ಟದ್ದು ಅವನ ತಪ್ಪಿಗೋ, ಇಲ್ಲ ಮೇಲಧ್ಯಕ್ಷರ ಸಣ್ಣತನಕ್ಕೋ, ಜಗಳಗಂಟಿತನಕ್ಕೋ ಎಂದು ಪ್ರಾಂತ್ಯದ ಮೇಲಧ್ಯಕ್ಷರೆಲ್ಲ ಕೂಡಿ ವಿಚಾರಿಸಬೇಕು. ವರ್ಷಕ್ಕೆ ಇಂಥ ಎರಡು ಸಭೆ. ಅದರಲ್ಲೊಂದು ತಪಸ್ಸುಕಾಲಕ್ಕೆ ಮುಂಚೆಯೇ ನಡೆಯಬೇಕು, ಮನಸ್ಸಿನ ಕಹಿ ಕಳೆದು ದೇವರಿಗೆ ಕಾಣಿಕೆ ಶುದ್ಧವಾಗಿ ಸಲ್ಲಲಿ ಎಂದು.

ಈ ಕಟ್ಟಳೆ ನನ್ನನ್ನು ಬಹುಕಾಲದಿಂದ ಕಾಡಿದೆ. ಜನರನ್ನು ಪಶ್ಚಾತ್ತಾಪಕ್ಕೆ ಕರೆಯುವವರು ಮೊದಲು ತಮ್ಮ ತೀರ್ಪುಗಳನ್ನು ತಾವೇ ಮರಳಿ ತೂಗಿ ನೋಡಬೇಕಿತ್ತು. ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು, ಹೋಗಿ ಮೊದಲು ಸೋದರನೊಡನೆ ರಾಜಿಯಾಗು ಎಂದು ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳುವುದು ಅಧಿಕಾರದಲ್ಲಿದ್ದವರಿಗೂ ಅನ್ವಯವಾಗುತ್ತದೆ ಎಂದು ಅಂದಿನವರು ತಿಳಿದಿದ್ದರು.

ಆಮೇಲೆ ಗಮನ ಒಬ್ಬೊಬ್ಬ ಪಾಪಿಯ ಕಡೆಗೆ ಸರಿಯಿತು. ಐರಿಷ್ ಸನ್ಯಾಸಿಗಳ ಮೂಲಕ ಏಕಾಂತದ ಪಾಪನಿವೇದನೆ ಯೂರೋಪಿನಲ್ಲಿ ಹಬ್ಬಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕೆಂದು ವಿಧಿಸಿತು. ಇದರಿಂದಾದ ಒಳಿತು ಸಣ್ಣದಲ್ಲ. ಅವಮಾನದ ಭಯವಿಲ್ಲದೆ ಮನಸ್ಸು ಬಿಚ್ಚಲು ಸಾಮಾನ್ಯರಿಗೊಂದು ತಾವು ಸಿಕ್ಕಿತು. ಆದರೆ ಆ ಪಾಪಗಳಿಂದ ನೋವುಂಡವರು ಆ ಮಾತುಕತೆಯಿಂದ ಬಹುಮಟ್ಟಿಗೆ ಹೊರಗೇ ಉಳಿದರು.

ತಪಸ್ಸುಕಾಲದ ಪ್ರಾಯಶ್ಚಿತ್ತ ಅಂತರಂಗಕ್ಕೆ, ಒಬ್ಬೊಬ್ಬರಿಗೆ ಮಾತ್ರ ಸೀಮಿತವಾಗಿರದೆ ಬಹಿರಂಗದ್ದೂ ಸಮುದಾಯದ್ದೂ ಆಗಿರಬೇಕೆಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮತ್ತೆ ನೆನಪಿಸಿತು. 2000ದ ಮಾರ್ಚ್ 12, ತಪಸ್ಸುಕಾಲದ ಮೊದಲ ಭಾನುವಾರ, ಪೋಪ್ ಎರಡನೆಯ ಜಾನ್ ಪಾಲ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಕ್ಷಮೆ ಬೇಡಿದರು: ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗೆ, ಯೆಹೂದ್ಯರಿಗೆ ಬಗೆದ ದ್ರೋಹಕ್ಕೆ, ಸ್ತ್ರೀಯರ ಘನತೆಗೆ ತಂದ ಕುಂದಿಗೆ. ಅಂದು ತಪ್ಪನ್ನು ಹೊರಿಸಿದ್ದು ಧರ್ಮಸಭೆಯ ಮಕ್ಕಳ ಮೇಲೆ, ಧರ್ಮಸಭೆಯ ಮೇಲಲ್ಲ ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿದೆ. ಆದರೂ ಆ ಪ್ರಾರ್ಥನೆಯ ಧೈರ್ಯವನ್ನು ನಾನು ಗೌರವಿಸುತ್ತೇನೆ.

ನಮ್ಮ ದೇಶಕ್ಕೆ ಬಂದರೆ, ಧರ್ಮಸಭೆಯೊಳಗೂ ಅಸ್ಪೃಶ್ಯತೆ ಇದೆಯೆಂದು ಭಾರತದ ಕಥೋಲಿಕ ಮೇಲಧ್ಯಕ್ಷರ ಮಂಡಳಿ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಒಂದೇ ರೊಟ್ಟಿಯಲ್ಲಿ ಪಾಲು ಪಡೆದವರು ಸತ್ತ ಮೇಲೆ ಒಂದೇ ಮಣ್ಣಿನಲ್ಲಿ ಮಲಗಲಾಗದಂಥ ಊರುಗಳು ತಮಿಳುನಾಡಿನಲ್ಲಿವೆ. ಅಂಥ ಊರಲ್ಲಿ ಶುಕ್ರವಾರದ ಶಿಲುಬೆ ಹಾದಿ ನಡೆಯುವಾಗ ಯಾವ ಪಾಪಕ್ಕೆ ಮಂಡಿಯೂರುತ್ತೇವೆ? ಮಾಂಸ ಬಿಟ್ಟದ್ದನ್ನು ಲೆಕ್ಕವಿಡುವ ನಾವು, ದಬ್ಬಾಳಿಕೆಗೊಳಗಾದವರ ಕಟ್ಟು ಬಿಚ್ಚುವುದೇ ದೇವರು ಮೆಚ್ಚುವ ಉಪವಾಸವೆಂಬ ಯೆಶಾಯನ ಮಾತನ್ನು ಓದಿ ಮುಂದೆ ಸಾಗಿಬಿಡುತ್ತೇವೆ.

ಕೋಣೆಯ ಬಾಗಿಲು ಹಾಕಿ ಪ್ರಾರ್ಥಿಸು ಎಂಬ ಬೋಧೆಯನ್ನೂ ಬೂದಿ ಬುಧವಾರದಂದೇ ಓದುತ್ತೇವೆ. ಆ ಗುಟ್ಟಿನ ಪ್ರಾರ್ಥನೆಗೂ ಬಹಿರಂಗದ ಪಶ್ಚಾತ್ತಾಪಕ್ಕೂ ಇರುವ ನಂಟನ್ನು ಈ ಗೋಷ್ಠಿಯ ಪ್ರಬಂಧಗಳು ಬಿಡಿಸಿ ನೋಡಲಿ. ಕನ್ನಡದ ಶಿಲುಬೆ ಹಾದಿಯ ಪುಸ್ತಕಗಳನ್ನು ಯಾರಾದರೂ ಸಾಲುಸಾಲಾಗಿ ಓದಿ, ಅಲ್ಲಿ ಯಾರ ಪಾಪಕ್ಕೆ ಹೆಸರಿದೆ, ಯಾರದ್ದಕ್ಕೆ ಇಲ್ಲ ಎಂದು ನಮಗೆ ತಿಳಿಸಬೇಕು. ಐದನೆಯ ಕಟ್ಟಳೆಯಂಥ ವಿಚಾರಣೆ ಇಂದಿನ ಧರ್ಮಕ್ಷೇತ್ರದಲ್ಲಿ ಸಾಧ್ಯವೇ, ಅಲ್ಲಿ ದೂರು ಹೇಳಲು ಯಾರಿಗೆ ಜಾಗ ಕೊಡಬೇಕು ಎಂಬುದನ್ನು ಇಲ್ಲಿರುವ ಗುರುಗಳೂ ಶ್ರೀಸಾಮಾನ್ಯ ವಿಶ್ವಾಸಿಗಳೂ ಒಟ್ಟಿಗೆ ಕೂತು ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ.