ಎಂ.ಟೆಕ್ ಆದಮೇಲೆ ನಾಯಿಯ ಉಗುರು
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ನಿಮ್ಮ ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದು ವೇದಿಕೆಯವರು ಕೇಳಿದಾಗ ಸ್ವಲ್ಪ ಹಿಂದೆಮುಂದೆ ನೋಡಿದೆ. ಕಳೆದ ಸಲ ಇಲ್ಲಿ ಒಬ್ಬರು ಕಸೂತಿಯ ಬಗ್ಗೆ ಎಷ್ಟು ಚೆಂದ ಮಾತಾಡಿದರು! ನಾನು ಹೇಳಬೇಕಿರುವುದು ನಾಯಿಯ ಕೂದಲು, ಉಗುರು, ಕಿವಿಯ ಕೊಳೆಯ ವಿಷಯ. ಅದೂ ಊಟಕ್ಕೆ ಸರಿಯಾಗಿ ಮುಂಚೆ ಇಟ್ಟಿದ್ದಾರೆ, ಕ್ಷಮಿಸಿ.

ಹಿಂಜವಡಿಯಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಬೆಲ್ಲ ಎಂಬ ಶಿ ತ್ಸು ನಾಯಿ ಇದ್ದಾಳೆ. ಈ ತಳಿಯ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಒಂದು ರಿಲೀಸಿನ ಗಡಿಬಿಡಿ. ಮೂರು ತಿಂಗಳು ನಾನು ಅವಳನ್ನು ಸರಿಯಾಗಿ ಬಾಚಲಿಲ್ಲ. ಮೇಲೆ ಮೇಲೆ ಬ್ರಷ್ ಆಡಿಸಿ, ನನ್ನದೇ ಶಾಂಪೂ ಹಾಕಿ ಸ್ನಾನ ಮಾಡಿಸುತ್ತಿದ್ದೆ. ನೋಡಲು ಚೆಂದವೇ ಕಾಣುತ್ತಿದ್ದಳು. ಗಂಟು ಬಿಡಿಸದೆ ನೀರು ಹಾಕಿದರೆ ಒಣಗುವಾಗ ಗಂಟು ಇನ್ನೂ ಬಿಗಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಶಾಂಪೂ ಅವುಗಳ ಚರ್ಮಕ್ಕೆ ಒಗ್ಗುವುದಿಲ್ಲ ಎಂಬುದೂ ಗೊತ್ತಿರಲಿಲ್ಲ.

ಒಂದು ಸಂಜೆ ಎತ್ತಿಕೊಳ್ಳಲು ಹೋದರೆ ಕಿರುಚಿದಳು. ಪಶುವೈದ್ಯರು ಕ್ಲಿಪ್ಪರ್ ಆಡಿಸಿದಾಗ ಕೂದಲು ಕಂಬಳಿಯ ತುಂಡಿನ ಹಾಗೆ ಒಂದೇ ಹಾಳೆಯಾಗಿ ಕಳಚಿ ಬಂತು. ಎಡ ಮುಂಗಾಲಿನ ಕಂಕುಳಲ್ಲಿ ಕೆಂಪಗೆ, ಹಸಿ ಹುಣ್ಣು. ವೈದ್ಯರು ಬಯ್ಯಲಿಲ್ಲ. "ಚರ್ಮದವರೆಗೂ ಬಾಚಿದ್ದು ಕೊನೆಯ ಸಲ ಯಾವಾಗ?" ಎಂದು ಕೇಳಿದರು, ಅಷ್ಟೇ. ನಾನು ಸುಮ್ಮನೆ ನಿಂತಿದ್ದೆ.

ಮನೆಯ ಹತ್ತಿರದ ಒಂದು ಗ್ರೂಮಿಂಗ್ ಅಂಗಡಿಯಲ್ಲಿ ಶನಿವಾರ, ಭಾನುವಾರ ತರಬೇತಿಗೆ ಬರಬಹುದೇ ಎಂದು ಕೇಳಿದೆ. ಒಪ್ಪಿದರು. ಧಾರವಾಡದಿಂದ ಅವ್ವ ಫೋನಿನಲ್ಲಿ, "ಎಂ.ಟೆಕ್ ಮಾಡಿ ನಾಯಿ ಉಗರಾ ಕತ್ತರಸಾಕ ಹೊಂಟಿಯೇನವಾ?" ಎಂದಳು. ಹೂಂ ಎಂದೆ.

ಕಲಿಸುವವಳು ನನಗಿಂತ ಎಂಟು ವರ್ಷ ಚಿಕ್ಕವಳು, ಹತ್ತನೇ ತರಗತಿವರೆಗೆ ಓದಿದವಳು. ಎಲ್ಲರೂ ಅವಳನ್ನು ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ಅಕ್ಕ ಎಂದರ್ಥ, ಪುಣೆಯವರಾದ ನಿಮಗೆ ಹೇಳಬೇಕಾಗಿಲ್ಲ. ಮೊದಲ ತಿಂಗಳು ಕತ್ತರಿ ಮುಟ್ಟಲು ಬಿಡಲಿಲ್ಲ. ಕಸ ಗುಡಿಸು, ಟವೆಲ್ ಒಗೆ, ನಾಯಿ ಹಿಡಿದುಕೋ. ಮೇಜಿನ ಮೇಲೆ ನಾಯಿ ಇದ್ದಾಗ ಒಂದು ಕೈ ಸದಾ ಅದರ ಮೈಮೇಲೆ ಇರಬೇಕು. ಫೋನ್ ಬಂದರೂ ಅಷ್ಟೇ. ನಾಯಿ ಆಕಳಿಸಿದರೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಹಲವು ಸಲ ಅದು ಹೆದರಿಕೆ. ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಕೂಡ. ಆಗ ಕೆಲಸ ನಿಲ್ಲಿಸಬೇಕು. ದೊಡ್ಡ ಶಬ್ದದ ಡ್ರೈಯರನ್ನು ನೇರ ಮುಖಕ್ಕೆ ಹಿಡಿಯಬಾರದು. ಹಿಂಭಾಗದಿಂದ, ಕಡಿಮೆ ವೇಗದಲ್ಲಿ ಶುರು.

ಬಾಚುವುದನ್ನೂ ಹೊಸದಾಗಿ ಕಲಿತೆ. ಎಡಗೈಯಲ್ಲಿ ಕೂದಲನ್ನು ಮೇಲೆತ್ತಿ ಹಿಡಿದು, ಬೈತಲೆಯಂತೆ ಚರ್ಮ ಕಾಣುವ ಗೆರೆ ತೆಗೆದು, ಪದರ ಪದರವಾಗಿ ಬ್ರಷ್ ಮಾಡುತ್ತ ಹೋಗಬೇಕು. ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಬಂದರೆ ಮಾತ್ರ ಬಾಚಿದಂತೆ. ಕಿವಿಯ ಹಿಂದೆ, ಕಂಕುಳು, ಕಾಲರ್ ಕೆಳಗೆ, ತೊಡೆ ಸಂದಿ ಇವು ಗಂಟಿನ ತವರುಮನೆಗಳು.

ಮೇ ತಿಂಗಳಲ್ಲಿ ಒಬ್ಬರು ಪೊಮೆರೇನಿಯನ್ ತಂದು, "ಸೆಕೆ, ಪೂರ್ತಿ ಬೋಳಿಸಿಬಿಡಿ" ಎಂದರು. ತಾಯಿ ಒಪ್ಪಲಿಲ್ಲ. ಎರಡು ಪದರದ ಕೂದಲು ಬಿಸಿಲಿನಿಂದಲೂ ಕಾಪಾಡುತ್ತದೆ, ಬೋಳಿಸಿದರೆ ಮತ್ತೆ ಮೊದಲಿನಂತೆ ಬೆಳೆಯದೇ ಹೋಗಬಹುದು, ಒಳಪದರದ ಉದುರು ಕೂದಲು ತೆಗೆದುಕೊಡುತ್ತೇನೆ ಎಂದಳು. ಅವರು ಸಿಟ್ಟಾಗಿ ಹೊರಟೇಹೋದರು. ಇನ್ನೊಮ್ಮೆ ಮುಧೋಳ ನಾಯಿಯೊಂದು ಬಂತು. ಊರಿನ ನೆಂಟರು ಬಂದಷ್ಟು ಖುಷಿ ನನಗೆ! ಅದಕ್ಕೆ ಬೇಕಾದದ್ದು ಬರೀ ರಬ್ಬರ್ ಬ್ರಷ್, ಹತ್ತು ನಿಮಿಷದ ಕೆಲಸ.

ಈಗ ಹೇಳಲು ಕಷ್ಟವಾಗುವ ಮಾತು. ಎರಡನೇ ತಿಂಗಳಲ್ಲಿ ಒಂದು ಲ್ಯಾಬ್ರಡಾರ್‌ನ ಉಗುರು ಕತ್ತರಿಸಲು ಕೊಟ್ಟರು. ನಾಯಿಯ ಉಗುರಿನೊಳಗೆ ರಕ್ತನಾಳ, ನರ ಎರಡೂ ಇರುತ್ತವೆ. ಬಿಳಿ ಉಗುರಾದರೆ ಗುಲಾಬಿಯಾಗಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ತೆಳ್ಳಗೆ ಚೂರುಚೂರೇ ಕತ್ತರಿಸಿ, ಕತ್ತರಿಸಿದ ಮುಖದ ನಡುವೆ ಚುಕ್ಕೆ ಕಂಡೊಡನೆ ನಿಲ್ಲಿಸಬೇಕು. ನಾಲ್ಕು ಉಗುರು ಸರಿಯಾಗಿ ಬಂದವು. ಐದನೆಯದಕ್ಕೆ ನನಗೆ ಧೈರ್ಯ ಬಂದುಬಿಟ್ಟಿತು. ಅದು ಕುಯ್ಯೆಂದು ಕಾಲೆಳೆದುಕೊಂಡಿತು, ಬಿಳಿ ಟವೆಲ್ ಮೇಲೆ ರಕ್ತ. ತಾಯಿ ರಕ್ತ ನಿಲ್ಲಿಸುವ ಪುಡಿ ಒತ್ತಿ ಹಿಡಿದಳು, ಕೆಲವು ನಿಮಿಷದಲ್ಲಿ ನಿಂತಿತು. ಆ ನಾಯಿ ಅಷ್ಟರಲ್ಲೇ ನನ್ನ ಕೈ ನೆಕ್ಕಿತು, ಅದನ್ನೇ ತಡೆಯಲಾಗಲಿಲ್ಲ ನನಗೆ.

"ಮಾಲೀಕರಿಗೆ ನೀನೇ ಹೇಳು" ಎಂದಳು ತಾಯಿ. ಆಫೀಸಿನಲ್ಲಿ ತಪ್ಪಾದರೆ "ಒಂದು ಸಣ್ಣ ಸಮಸ್ಯೆ ಗಮನಕ್ಕೆ ಬಂದಿದೆ" ಎಂದು ಕರ್ತೃವೇ ಇಲ್ಲದ ವಾಕ್ಯ ಬರೆದು ಅಭ್ಯಾಸ. ಇಲ್ಲಿ ಹಿರಿಯರೊಬ್ಬರ ಎದುರು ನಿಂತು, "ನಾನು ಹೆಚ್ಚು ಕತ್ತರಿಸಿದೆ, ರಕ್ತ ಬಂತು, ಇವತ್ತು ಮಣ್ಣಲ್ಲಿ ಓಡಾಡಿಸಬೇಡಿ" ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಅವರು ಉಗುರು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಹೋದರು. ಮುಂದಿನ ತಿಂಗಳು ಅವರು ಮತ್ತೆ ಬಂದಾಗ ನಾನು ಒಳಗೆ ಟವೆಲ್ ಮಡಚುತ್ತ ಅಡಗಿದ್ದೆ. ತಾಯಿ ಕರೆದು ಅದೇ ನಾಯಿಯನ್ನು ನನ್ನ ಕೈಗೇ ಕೊಟ್ಟಳು. ಅವತ್ತು ಒಂದೊಂದು ಉಗುರಿಗೂ ಉಸಿರು ಬಿಗಿಹಿಡಿದಿದ್ದೆ.

ನಾಲ್ಕು ತಿಂಗಳಿಗೆ ತರಬೇತಿ ಮುಗಿಯಿತು. ನಾನು ನೌಕರಿ ಬಿಟ್ಟಿಲ್ಲ, ಅವ್ವ ನಿರಾಳ. ತಿಂಗಳಿಗೊಂದು ಭಾನುವಾರ ಈಗಲೂ ಅಂಗಡಿಗೆ ಹೋಗುತ್ತೇನೆ. ಮಿಕ್ಕ ಭಾನುವಾರ ಬೆಲ್ಲಳ ಪಾಳಿ. ಹುಣ್ಣು ಎಂದೋ ಮಾಯ್ದಿದೆ, ಆದರೂ ಬಾಚಣಿಗೆ ಎಡ ಕಂಕುಳ ಹತ್ತಿರ ಹೋದರೆ ಕಾಲು ಒಳಗೆಳೆದುಕೊಳ್ಳುತ್ತಾಳೆ. ಅಲ್ಲಿ ಬಾಚಣಿಗೆ ಕೆಳಗಿಟ್ಟು ಬೆರಳಿನಿಂದಲೇ ಬಿಡಿಸುತ್ತೇನೆ.

ಬ್ರಷ್, ಬಾಚಣಿಗೆ, ಉಗುರಿನ ಕತ್ತರಿ ಎಲ್ಲ ಚೀಲದಲ್ಲಿ ತಂದಿದ್ದೇನೆ. ಮನೆಯಲ್ಲಿ ನಾಯಿ ಇರುವವರು ಊಟವಾದ ಮೇಲೆ ಬಂದು ಹಿಡಿದು ನೋಡಿ. ಕೈ ತೊಳೆದುಕೊಂಡೇ ಬಂದಿದ್ದೇನೆ, ಹೋಳಿಗೆ ಬಡಿಸಲು ಭಯಪಡಬೇಡಿ.